ಕಾಗುಣಿತದ ಟೈಲಿಗೆ ಎಂಜಿನ್ ಬೇಡ

ಮೊಬೈಲಿಗೆ ಟೈಲ್ ಹೊಂದಿಸುವ ಆಟ ಬರೆಯುತ್ತೇನೆ ಎಂದು ಬಾಯಿ ಬಿಟ್ಟರೆ ಸಾಕು, ನಮ್ಮ ಐಟಿ ಬಳಗದಲ್ಲಿ ಮೊದಲು ಬರುವ ಪ್ರಶ್ನೆ 'ಯಾವ ಎಂಜಿನ್?' ನಾನು ಫ್ಲಟರ್ ಎಂದೆ. 'ಅದು ಫಾರಂ ತುಂಬಿಸುವ ಆ್ಯಪ್‌ಗಳಿಗೆ ಮಾರಾಯ, ಆಟಕ್ಕಲ್ಲ' ಎಂದು ನಕ್ಕರು. ಆ ನಗುವಿನ ಹಿಂದಿನ ನಂಬಿಕೆ ತಪ್ಪು, ಕನ್ನಡದ ಮಟ್ಟಿಗಂತೂ ಪೂರಾ ತಪ್ಪು ಎನ್ನುವುದು ನನ್ನ ವಾದ.

ಈ ಆಟ ನನಗೆ ಯಾಕೆ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ. ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದು ಮಕ್ಕಳಿಗೆ ಕನ್ನಡ ಓದುವುದನ್ನು ಕಲಿಸುತ್ತೇನೆ. ಎಲ್ಲರೂ ಮನೆಯಲ್ಲಿ ಸರಾಗವಾಗಿ ಕನ್ನಡ ಮಾತಾಡುವವರೇ. ಶಾಲೆಯಲ್ಲಿ ಮರಾಠಿಯ ಬಾರಾಖಡಿ ಕಲಿತಿರುವುದರಿಂದ ಕಾಗುಣಿತ ಅವರಿಗೆ ಹೊಸ ಸಂಗತಿಯೇನಲ್ಲ. ಎಡವುವುದು ಒಂದು ಕಡೆ. ಎ-ಏ, ಒ-ಓ ಎಂದು ಹ್ರಸ್ವ, ದೀರ್ಘ ಬೇರೆ ಮಾಡುವ ಚಿಹ್ನೆ ಮರಾಠಿಯಲ್ಲಿಲ್ಲ. 'ಕೊಡೆ', 'ಕೋಳಿ' ಬಾಯಲ್ಲಿ ಸರಿಯಾಗಿಯೇ ಬರುತ್ತವೆ, ಪುಟದ ಮೇಲೆ ಕಂಡಾಗ ಮಾತ್ರ ಕೊ, ಕೋ ಎರಡೂ ಒಂದೇ. ವಾರಕ್ಕೊಂದು ಗಂಟೆಯ ಪಾಠಕ್ಕೆ ಬಗ್ಗುವ ತೊಡಕಲ್ಲ ಇದು. ದಿನಾ ಹತ್ತು ನಿಮಿಷ, ಹೇಗೂ ಕೈಯಲ್ಲಿರುವ ಫೋನಿನಲ್ಲಿ, ಕಣ್ಣಿಗೆ ರೂಢಿಯಾದರೆ ಬಗ್ಗೀತು.

ಇಂಥ ಆಟಕ್ಕೆ ಏನೇನು ಬೇಕು? 1994ರಲ್ಲಿ ರಷ್ಯಾದಲ್ಲಿ ಡಾಸ್ ಯಂತ್ರಗಳಿಗೆ ಬಂದ 'ಶರಿಕಿ', 2001ರ 'ಬಿಜ್ಯುವೆಲ್ಡ್', 2012ರ 'ಕ್ಯಾಂಡಿ ಕ್ರಶ್' ಎಲ್ಲದರ ಹೊಟ್ಟೆಯೊಳಗೆ ಇರುವುದು ಒಂದು ಚೌಕುಳಿ ಪಟ್ಟಿ. ಎರಡು ಮನೆ ಅದಲುಬದಲು ಮಾಡು, ಅಡ್ಡಸಾಲು ಕಂಬಸಾಲಿನಲ್ಲಿ ಮೂರು ಹೊಂದಿದವೇ ನೋಡು, ಹೊಂದಿದ್ದನ್ನು ತೆಗೆ, ಮೇಲಿನವನ್ನು ಇಳಿಸು, ಖಾಲಿ ಜಾಗ ತುಂಬು, ಮತ್ತೆ ನೋಡು. ಇದರಲ್ಲಿ ಭೌತಶಾಸ್ತ್ರವಿಲ್ಲ, ಮೂರು ಆಯಾಮದ ಕ್ಯಾಮೆರಾ ಇಲ್ಲ. ಆಟಗಾರ ಬೆರಳಿಡುವವರೆಗೆ ಪರದೆ ಕದಲುವುದೂ ಇಲ್ಲ. ಲೆಕ್ಕದ ಭಾಗವನ್ನು ಬರಿಯ ಡಾರ್ಟ್‌ನಲ್ಲಿ ಬರೆದು ಫೋನೇ ಇಲ್ಲದೆ ಪರೀಕ್ಷಿಸಬಹುದು. ಉಳಿದದ್ದು, ಅರವತ್ತನಾಲ್ಕು ಚೌಕಗಳನ್ನು ಜಾರಿಸುವುದು, ಇಂಟರ್‌ಫೇಸ್ ಟೂಲ್‌ಕಿಟ್‌ಗೆ ನಿತ್ಯದ ಕೆಲಸ. ಹುಷಾರಾಗಿರಬೇಕಾದ ಒಂದೆರಡು ಕಡೆ ಇವೆ. ಸಿದ್ಧ ಗ್ರಿಡ್ ವಿಜೆಟ್ ಹಿಡಿದರೆ ಟೈಲ್ ಜಾರುವುದಿಲ್ಲ, ಸ್ಟ್ಯಾಕ್‌ನಲ್ಲಿ ಇಟ್ಟು ಸ್ಥಾನ ಬದಲಿಸಬೇಕು. ಪ್ರತಿ ಟೈಲಿಗೂ ಅದರದೇ ಕೀ ಕೊಡದಿದ್ದರೆ ಇಳಿದದ್ದು ಯಾವುದು, ಹೊಸದು ಯಾವುದು ಎಂದು ಫ್ಲಟರ್‌ಗೆ ತಿಳಿಯದೆ, ಕೆಳಗೆ ಬರಬೇಕಾದ ಅಕ್ಷರ ನಿಂತಲ್ಲೇ ಬದಲಾಗಿಬಿಡುತ್ತದೆ. ಇದಕ್ಕೆ ನನ್ನ ಎರಡು ರಾತ್ರಿ ಹೋಯಿತು.

ಈಗ ಎಂಜಿನ್ ವಿಚಾರ. ಗೆಳೆಯರ ಮಾತಿಗೆ ಕಟ್ಟುಬಿದ್ದು ಮೊದಲು ಹೆಸರಾಂತ ಎಂಜಿನ್ ಒಂದರಲ್ಲೇ ಶುರು ಮಾಡಿದ್ದೆ. ಇಂಗ್ಲಿಷ್ ಅಕ್ಷರಗಳೊಂದಿಗೆ ಚೆಂದವಾಗಿ ಓಡಿತು. ಕನ್ನಡ ಹಾಕಿದ ದಿನ 'ಅಮ್ಮ' ಹೋಗಿ 'ಅಮ್‌ಮ' ಆಯಿತು. ಒತ್ತಕ್ಷರ ಕೆಳಗಿಳಿಯಬೇಕು ಎನ್ನುವುದೇ ಅದಕ್ಕೆ ಗೊತ್ತಿಲ್ಲ. ವೇದಿಕೆಗಳಲ್ಲಿ ಕೇಳಿದಾಗ ಸಿಕ್ಕ ಸಲಹೆ: ಒಂದೊಂದು ಅಕ್ಷರವನ್ನೂ ಚಿತ್ರ ಮಾಡಿ ಅಂಟಿಸಿ. ಮೂವತ್ತನಾಲ್ಕು ವ್ಯಂಜನ, ಅವುಗಳ ಗುಣಿತ, ಆಮೇಲೆ ಒತ್ತುಗಳು! ಹಾಳೆಯಿಂದ ಅಕ್ಷರ ಕತ್ತರಿಸಿ ಅಂಟಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿ ಎಂದಂತಾಯಿತು.

ಫ್ಲಟರ್ ಪಠ್ಯವನ್ನು ಹಾರ್ಫ್‌ಬಜ್ ಮೂಲಕ ಜೋಡಿಸುತ್ತದೆ, ಒತ್ತು ತಾನಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್ ಜೊತೆಗೇ ಕಟ್ಟಿ ಕಳಿಸಿದರೆ ಒಂದು ಮನೆಯ ಐಫೋನಿನಲ್ಲೂ ಇನ್ನೊಂದು ಮನೆಯ ಹಳೆಯ ಆಂಡ್ರಾಯ್ಡ್‌ನಲ್ಲೂ ಒಂದೇ 'ಕ್ಷ' ಕಾಣುತ್ತದೆ. ಯಾಕೆಂದರೆ ಫ್ಲಟರ್ ಫೋನಿನ ಗುಂಡಿ, ಪೆಟ್ಟಿಗೆಗಳನ್ನು ಎರವಲು ಪಡೆಯದೆ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಹನ್ನೊಂದು ಮಕ್ಕಳ ಮನೆಯಲ್ಲಿ ಹನ್ನೊಂದು ಬಗೆಯ ಫೋನು, ಆಟ ಬರೆಯುವವನು ನಾನೊಬ್ಬ. ಒಂದು ಸಣ್ಣ ಎಚ್ಚರಿಕೆ: ಟೈಲಿನ ಮೂಲೆಯನ್ನು ದುಂಡಗೆ ಕತ್ತರಿಸಲು ಹೋದಾಗ 'ತ್ರಿ'ಯ ಬಾಲವೂ ಕತ್ತರಿಸಿಹೋಗಬಹುದು. ಇಂಗ್ಲಿಷ್ ಅಳತೆಯ ಚೌಕ ನಮ್ಮ ಅಕ್ಷರಕ್ಕೆ ಗಿಡ್ಡ.

ಹಾಗೆಂದು ಟೂಲ್‌ಕಿಟ್ ಪಕ್ಷದವರೂ ಬೀಗುವಂತಿಲ್ಲ. 'ಅಮ್ಮ'ದಲ್ಲಿ ಎಷ್ಟು ಅಕ್ಷರ ಎಂದು ಮಗುವನ್ನು ಕೇಳಿ, ಎರಡು ಎನ್ನುತ್ತದೆ. ಡಾರ್ಟ್‌ನ ಸ್ಟ್ರಿಂಗನ್ನು ಕೇಳಿದರೆ ನಾಲ್ಕು, ವಿರಾಮದ ಚಿಹ್ನೆಯನ್ನೂ ಒಂದೆಂದು ಎಣಿಸುತ್ತದೆ. ಸ್ವಲ್ಪ ಜಾಣತನದ ಕ್ಯಾರೆಕ್ಟರ್ಸ್ ಪ್ಯಾಕೇಜನ್ನು ಕೇಳಿದರೆ ಮೂರು: ಅ, ಮ್, ಮ. ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮವನ್ನು ಯೂನಿಕೋಡ್ 2023ರ 15.1 ಆವೃತ್ತಿಯಲ್ಲಿ ತಂದಿತು. ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಹೈದರಾಬಾದಿನ ಓದುಗರು ಪಕ್ಕದ ಮನೆಯವರ ಜೊತೆ ಹೋಲಿಸಿ ನೋಡಬಹುದು: ತೆಲುಗಿನ ಅಮ್ಮನಿಗೆ ಎರಡು, ನಮ್ಮ ಅಮ್ಮನಿಗೆ ಮೂರು. ಇನ್ನೊಂದು ಬಲೆಯಿದೆ. 'ಕೋ' ಎಂಬುದನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕೂಡಿಸಿ ಬರೆಯಬಹುದು. ಕಣ್ಣಿಗೆ ಒಂದೇ ಕಂಡರೂ ಹೋಲಿಸುವಾಗ ಯಂತ್ರ ಬೇರೆ ಎನ್ನುತ್ತದೆ. ಮಗು ಸರಿಯಾಗಿ ಆಡಿಯೂ ಸೋಲುತ್ತದೆ. ಆದ್ದರಿಂದ ಟೈಲಿನೊಳಗೆ ಅಕ್ಷರವನ್ನು ಇಡಲೇಬೇಡಿ. ಎರಡು ಅಂಕಿ ಇಡಿ, ವ್ಯಂಜನಕ್ಕೊಂದು, ಸ್ವರಕ್ಕೊಂದು. ಅಕ್ಷರ ಹುಟ್ಟಬೇಕಾದದ್ದು ಪರದೆಯ ಮೇಲೆ ಮಾತ್ರ.

ಹಾಗೆ ಮಾಡಿದಾಗಲೇ ನನಗೆ ಹೊಳೆದದ್ದು, ಕಾಗುಣಿತ ತಾನೇ ಒಂದು ಚೌಕುಳಿ ಪಟ್ಟಿ ಎಂದು. ಎಂಟು ವ್ಯಂಜನ ತೆಗೆದುಕೊಳ್ಳಿ. ಅ, ಆ, ಇ, ಈ, ಎ, ಏ, ಒ, ಓ ಎಂಟು ಸ್ವರ. ಒಟ್ಟು 64 ಅಕ್ಷರ. ಮೂರೂ ತದ್ರೂಪು ಆಗಿರಲೇಬೇಕು ಎಂದರೆ ಮೂರು ಮನೆ ತಾನಾಗಿ ಹೊಂದುವ ಸಂಭವ 4096ರಲ್ಲಿ ಒಂದು, ಆಟ ಸತ್ತಂತೆಯೇ. ವ್ಯಂಜನ ಒಂದಾದರೂ ಸರಿ (ಕ, ಕಿ, ಕೋ), ಸ್ವರ ಒಂದಾದರೂ ಸರಿ (ಕೋ, ತೋ, ಮೋ) ಎನ್ನಿ. ಸಂಭವ 4096ರಲ್ಲಿ 127ಕ್ಕೆ ಏರುತ್ತದೆ, ಸುಮಾರು 3.1 ಶೇಕಡ. ಆರು ಬಣ್ಣದ ಮಿಠಾಯಿ ಆಟದಲ್ಲಿ ಅದು 36ರಲ್ಲಿ ಒಂದು, ಅಂದರೆ 2.8. ಇಂಗ್ಲಿಷಿನ ಎ ಬಿ ಸಿ ಟೈಲುಗಳ ಮೇಲೆ ಕನ್ನಡ ಅಂಟಿಸಿ 'ಕನ್ನಡ ಗೇಮ್' ಎಂದು ಅಂಗಡಿಗಿಡುವವರಿಗೆ ಈ ಪಟ್ಟಿ ಕಾಣುವುದೇ ಇಲ್ಲ. ಅವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಎಂಜಿನ್ ಪಕ್ಷದವರು ಗೆಲ್ಲುವ ಜಾಗ ಇದ್ದೇ ಇದೆ. ಸಿಡಿಯುವ ಕಿಡಿ, ಹೊಗೆ, ನೂರಾರು ಚಲಿಸುವ ಬೊಂಬೆಗಳು ಬೇಕೆಂದರೆ ವಿಜೆಟ್ ಮರ ಏದುಸಿರು ಬಿಡುತ್ತದೆ. ಆಗಲೂ ಫ್ಲಟರ್ ಮೇಲೆಯೇ ಕಟ್ಟಿದ ಫ್ಲೇಮ್ ಇದೆ, ಅದೂ ಸಾಲದಿದ್ದರೆ ದೊಡ್ಡ ಎಂಜಿನ್‌ಗೆ ಹೋಗಿ. ನನ್ನ ಹನ್ನೊಂದು ಮಂದಿ ಇದುವರೆಗೆ ಹೊಗೆ ಕೇಳಿಲ್ಲ.

ಆಟ ಹಂಚಿದ ಮೂರನೇ ದಿನ ಅವರಲ್ಲೊಬ್ಬ ಅಮ್ಮನ ಫೋನಿನಿಂದ ಕರೆ ಮಾಡಿದ. 'ಅಂಕಲ್, ನಿಮ್ಮ ಆಟದಲ್ಲಿ ಬಗ್ ಇದೆ. ಮೂರೂ ಸೇಮ್ ಇದ್ರೂ ಹೊಡೀತಾ ಇಲ್ಲ.' ಏನೇನಿದೆ ಓದು ಎಂದೆ. 'ತೊ, ಮೊ,' ಎಂದವನು ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದ. 'ಓ... ಕೋ. ಬಗ್ ಅಲ್ಲ ಅಂಕಲ್, ಇಡ್ತೀನಿ' ಎಂದು ಫೋನ್ ಇಟ್ಟ.