ಕ್ರಮವೆಲ್ಲವೂ ಸುಕ್ರಮವಲ್ಲ

ಶೂನ್ಯವಲ್ಲದ ಗಣಗಳ ಸಮೂಹ ಎಷ್ಟೇ ದೊಡ್ಡದಿರಲಿ, ಪ್ರತಿಯೊಂದರಿಂದಲೂ ಒಂದೊಂದು ಅಂಶವನ್ನು ಆರಿಸಿಕೊಳ್ಳಬಹುದೆಂಬ ಆಯ್ಕೆಯ ಸ್ವಯಂಸಿದ್ಧವು ಪಂಡಿತರ ವ್ಯರ್ಥ ಕಲಹವೆಂದೂ, ಬೆಳಗಾವಿ, ದೇಸೂರು, ಇದ್ದಲಹೊಂಡ, ಖಾನಾಪುರಗಳೆಂಬ ರೈಲು ನಿಲ್ದಾಣಗಳು ಸಾಲಾಗಿ ನಿಂತಿರುವಂತೆಯೇ ಯಾವ ಗಣವನ್ನಾದರೂ ಮೊದಲು, ಎರಡನೆಯದು ಎಂದು ಸಾಲಿಗೆ ತರಬಹುದೆಂದೂ ಕಳೆದ ಸಂಚಿಕೆಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ನಿಲ್ದಾಣಗಳು ಪರಿಮಿತ, ಪರಿಮಿತವಾದುದನ್ನು ಕ್ರಮಗೊಳಿಸಲು ಯಾವ ಸ್ವಯಂಸಿದ್ಧದ ಹಂಗೂ ಬೇಡ. ಆದರೆ ಅದೇ ಹಳಿಯ ಮೇಲಣ ಬಿಂದುಗಳೆಲ್ಲವನ್ನೂ ಗಣನೆಗೆ ತಂದುಕೊಂಡರೆ, ಬೆಳಗಾವಿಯನ್ನು ದಾಟಿದೊಡನೆ ಬರುವ ಮೊದಲ ಬಿಂದು ಯಾವುದೆಂದು ಅವರು ತೋರಬಲ್ಲರೇ? ಹಿಂದುಮುಂದೆಂಬ ಕ್ರಮವೇನೋ ಅಲ್ಲಿದೆ; ಶೂನ್ಯವಲ್ಲದ ಪ್ರತಿ ಉಪಗಣಕ್ಕೂ ಆದಿಯೊಂದಿರಬೇಕೆಂಬ ಸುಕ್ರಮದ ಲಕ್ಷಣ ಅದಕ್ಕಿಲ್ಲ.

ಈ ಭೇದವನ್ನು ಮರೆತುದೇ ಲೇಖನದ ಮೂಲದೋಷ. ಗಣಮಾತ್ರಕ್ಕೂ ಸುಕ್ರಮವುಂಟೆಂದು 1904ರಲ್ಲಿ ಜರ್ಮೆಲೋ ಸಾಧಿಸಿದುದು ಆ ಸ್ವಯಂಸಿದ್ಧದ ಬಲದಿಂದಲೇ. ಅದನ್ನೊಪ್ಪದೆ ವಾದಕ್ಕಿಳಿದವರು ಬೊರೆಲ್, ಲೆಬೆಗ್‌ರಂತಹ ಘಟಾನುಘಟಿಗಳು, ಕೆಲಸವಿಲ್ಲದ ಹರಟೆಮಲ್ಲರಲ್ಲ. ಗಣಸಿದ್ಧಾಂತದ ಉಳಿದ ಸ್ವಯಂಸಿದ್ಧಗಳು ಪರಸ್ಪರ ವಿರೋಧರಹಿತವಾಗಿದ್ದಲ್ಲಿ ಅವುಗಳಿಂದ ಇದನ್ನು ಅಲ್ಲಗಳೆಯಲಾಗದೆಂದು 1938ರಲ್ಲಿ ಗೋಡೆಲ್, ಸಾಧಿಸಲೂ ಆಗದೆಂದು 1963ರಲ್ಲಿ ಕೋಹೆನ್ ತೋರಿದರು. ಕೋಹೆನ್ನರು ಕಟ್ಟಿದ ಒಂದು ಗಣಿತಲೋಕದಲ್ಲಿ ವಾಸ್ತವ ಸಂಖ್ಯೆಗಳಿಗೆ ಹಿರಿದುಕಿರಿದೆಂಬ ಕ್ರಮವುಂಟು, ಸುಕ್ರಮವಾವುದೂ ಇಲ್ಲ. ಲೇಖಕರು ಆಯ್ಕೆಯ ಸ್ವಯಂಸಿದ್ಧವನ್ನು ಒಪ್ಪಲಿ, ಬಿಡಲಿ. ಅದನ್ನು ಹೊರಗಟ್ಟಿ ಅದರ ಫಲವನ್ನು ಮಾತ್ರ ಉಣ್ಣುವ ಅಧಿಕಾರ ಅವರಿಗಿಲ್ಲ.