ಪರೋಕ್ಷ ಉಕ್ತಿಯಲ್ಲಿ ಪೂರ್ಣಕಾಲ: ಇಂಗ್ಲಿಷಿನ ಬಳಕೆ ಮತ್ತು ಕನ್ನಡ ಅನುವಾದದ ಹೊಣೆ

ಇಂಗ್ಲಿಷಿನ ಪ್ರತ್ಯಕ್ಷ ಉಕ್ತಿಯನ್ನು ಪರೋಕ್ಷ ಉಕ್ತಿಗೆ ಪರಿವರ್ತಿಸುವ ಅಭ್ಯಾಸ ಕರ್ನಾಟಕದ ಪ್ರೌಢಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವನ್ನು ಓದಿ ಬೆಳೆದವರಿಗೆ ಆ ಸೂತ್ರ ಇಂದಿಗೂ ಬಾಯಿಪಾಠವಾಗಿರುತ್ತದೆ: ಹೇಳಿಕೆಯ ಕ್ರಿಯಾಪದ ಭೂತಕಾಲದಲ್ಲಿದ್ದರೆ ಒಳವಾಕ್ಯದ ಕಾಲವೂ ಒಂದು ಹೆಜ್ಜೆ ಹಿಂದೆ ಸರಿಯಬೇಕು, 'ಹ್ಯಾವ್' ಇದ್ದಲ್ಲಿ 'ಹ್ಯಾಡ್' ಬರಬೇಕು. ಪರೀಕ್ಷೆಯಲ್ಲಿ ಅಂಕ ಗಳಿಸಲು ಇಷ್ಟು ಸಾಕು. ಆದರೆ ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಈ ಸೂತ್ರದಂತೆ ನಡೆದುಕೊಳ್ಳುವುದಿಲ್ಲ. ಅವರ ಬಳಕೆಯಲ್ಲಿ ಕಾಲರೂಪದ ಆಯ್ಕೆಗೂ ಹೇಳಿಕೆಯ ಹೊಣೆಗಾರಿಕೆಗೂ ನಿಕಟವಾದ ಸಂಬಂಧವಿದೆ. ಇದು ಇಂಗ್ಲಿಷ್ ವಿಭಾಗದವರಿಗೆ ಮಾತ್ರ ಬಿಟ್ಟ ವಿಷಯವೆಂದು ಕನ್ನಡ ಅಧ್ಯಾಪಕರು ಸುಮ್ಮನಿರುವಂತಿಲ್ಲ. ಇಂಗ್ಲಿಷ್ ಆಕರಗಳನ್ನು ನೆಚ್ಚಿಕೊಂಡ ಕನ್ನಡ ಸಂಶೋಧನೆಯಲ್ಲಿ 'ಹೀಗೆಂದು ಹೇಳುತ್ತಾರೆ' ಎಂಬುದು 'ಹೀಗೆ ನಡೆಯಿತು' ಎಂದಾಗುವ ಅಪಾಯ ಈ ಜಾಗದಲ್ಲಿಯೇ ಅಡಗಿದೆ.

ಒಳವಾಕ್ಯದ ಕಾಲ ಹಿಂದೆ ಸರಿಯುವ ಈ ವಿದ್ಯಮಾನವನ್ನು ಡ್ಯಾನಿಷ್ ವಿದ್ವಾಂಸ ಆಟೊ ಯೆಸ್ಪರ್ಸನ್ ಅವರು 1924ರ 'ದ ಫಿಲಾಸಫಿ ಆಫ್ ಗ್ರಾಮರ್' ಕೃತಿಯಲ್ಲಿ 'ಬ್ಯಾಕ್‌ಷಿಫ್ಟಿಂಗ್' ಎಂದು ಕರೆದರು. ಕನ್ನಡದಲ್ಲಿ ಇದನ್ನು ಕಾಲಪಲ್ಲಟವೆನ್ನಬಹುದು. ಇದರ ಫಲವಾಗಿ ಇಂಗ್ಲಿಷಿನಲ್ಲಿ ಒಂದು ವಿಚಿತ್ರ ಸನ್ನಿವೇಶ ಉಂಟಾಗುತ್ತದೆ. ಮೂಲದಲ್ಲಿ ಮಾತಾಡಿದವನು 'ಐ ಸಾ' ಎಂದಿರಲಿ, 'ಐ ಹ್ಯಾವ್ ಸೀನ್' ಎಂದಿರಲಿ, 'ಐ ಹ್ಯಾಡ್ ಸೀನ್' ಎಂದಿರಲಿ, ವರದಿಯಲ್ಲಿ ಮೂರಕ್ಕೂ 'ಹಿ ಸೆಡ್ ಹಿ ಹ್ಯಾಡ್ ಸೀನ್' ಎಂಬ ಒಂದೇ ರೂಪ ಬರಬಹುದು. ಹ್ಯಾನ್ಸ್ ರೈಷನ್‌ಬಾಖ್ ಅವರು 1947ರಲ್ಲಿ ಪ್ರತಿಪಾದಿಸಿದ ಮೂರು ಬಿಂದುಗಳ ನೆರವಿನಿಂದ ಇದನ್ನು ವಿವರಿಸಬಹುದು: ಘಟನೆಯ ಕ್ಷಣ, ಘಟನೆಯನ್ನು ನೋಡುವ ಕ್ಷಣ, ಮಾತಿನ ಕ್ಷಣ. ಪರೋಕ್ಷ ಉಕ್ತಿಯಲ್ಲಿ ನೋಡುವ ಕ್ಷಣವೆಂದರೆ ಮೂಲ ವಕ್ತಾರ ಬಾಯಿ ತೆರೆದ ಕ್ಷಣ. 'ಹ್ಯಾಡ್ ಸೀನ್' ಎಂಬುದು ಆ ಕ್ಷಣಕ್ಕಿಂತ ಮೊದಲು ನೋಡುವಿಕೆ ನಡೆದಿತ್ತೆಂದು ಮಾತ್ರ ಹೇಳುತ್ತದೆ. ಆತ ಎಂದೋ ಒಮ್ಮೆ ನೋಡಿದ್ದನೋ, ನೋಡಿದ ಅನುಭವ ಆಗ ಅವನಲ್ಲಿ ಜೀವಂತವಾಗಿತ್ತೋ ಎಂಬುದನ್ನು ಕ್ರಿಯಾರೂಪ ತಿಳಿಸುವುದಿಲ್ಲ. ಅದಕ್ಕೆ ಪಕ್ಕದ ಕಾಲವಾಚಿಗಳನ್ನು ನೋಡಬೇಕು. 'ದ ಡೇ ಬಿಫೋರ್' ಎಂದಿದ್ದರೆ ಮೂಲದಲ್ಲಿ ಸಾಮಾನ್ಯ ಭೂತವಿತ್ತೆಂದೂ 'ಸೋ ಫಾರ್' ಎಂದಿದ್ದರೆ ಪೂರ್ಣವರ್ತಮಾನವಿತ್ತೆಂದೂ ಬಹುಮಟ್ಟಿಗೆ ಊಹಿಸಬಹುದು. ಎರಡೂ ಇಲ್ಲದಿದ್ದಾಗ ಸಂದರ್ಭವೇ ಗತಿ.

ಸಾಮಾನ್ಯ ಭೂತದ ವಿಷಯದಲ್ಲಿ ಇಂಗ್ಲಿಷ್ ಭಾಷಿಕರು ಈ ಪಲ್ಲಟವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. 'ಹಿ ಸೆಡ್ ಹಿ ಸಾ ಹರ್ ಆನ್ ಮಂಡೇ' ಎಂಬ ವಾಕ್ಯ ಆಡುಮಾತಿನಲ್ಲಿಯೂ ಪತ್ರಿಕೆಯಲ್ಲಿಯೂ ಸಹಜವಾಗಿಯೇ ಬರುತ್ತದೆ. ಘಟನೆಗಳ ಹಿಂದುಮುಂದು ಸ್ಪಷ್ಟವಿದ್ದಾಗ 'ಹ್ಯಾಡ್' ಅನಾವಶ್ಯಕ. ಅಮೆರಿಕದವರು 'ಆಲ್ರೆಡಿ', 'ಜಸ್ಟ್' ಮುಂತಾದವುಗಳೊಡನೆಯೂ ಸಾಮಾನ್ಯ ಭೂತವನ್ನೇ ಬಳಸುವುದರಿಂದ ಅವರ ವರದಿಗಳಲ್ಲಿ ಪೂರ್ಣಭೂತದ ಅಗತ್ಯ ಇನ್ನಷ್ಟು ಕಡಿಮೆ. ಪೂರ್ಣವರ್ತಮಾನದ ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಒಬ್ಬಾಕೆ ಬೀಗದ ಕೈ ಕಳೆದುಕೊಂಡು ಆ ವಿಷಯ ತಿಳಿಸಿದಳೆನ್ನೋಣ. ಒಂದು ಗಂಟೆಯ ನಂತರವೂ ಅದು ಸಿಗದಿದ್ದರೆ ಕೇಳಿದವನು 'ಷಿ ಸೆಡ್ ಷಿ ಹ್ಯಾಸ್ ಲಾಸ್ಟ್ ಹರ್ ಕೀಸ್' ಎನ್ನಬಹುದು. 'ಹ್ಯಾಡ್' ಎಂದರೂ ತಪ್ಪಿಲ್ಲ. ಬೀಗದ ಕೈ ಸಿಕ್ಕಿಬಿಟ್ಟಿದ್ದರೆ 'ಹ್ಯಾಡ್' ಒಂದೇ ಉಳಿಯುತ್ತದೆ. ಅಂದರೆ ಪೂರ್ಣವರ್ತಮಾನವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಘಟನೆಯ ಫಲ ಮೂಲ ವಕ್ತಾರನ ಕ್ಷಣದಲ್ಲಿ ಇದ್ದರೆ ಸಾಲದು, ವರದಿಗಾರನ ಕ್ಷಣದಲ್ಲಿಯೂ ಅದು ಮುಂದುವರಿದಿರಬೇಕು. 1950ರಲ್ಲಿ ಯಾರೋ ಆಡಿದ ಮಾತನ್ನು ಇಂದು 'ಸೆಡ್ ದಟ್ ಹಿ ಹ್ಯಾಸ್ ಬೀನ್ ಇಲ್' ಎಂದು ಯಾವ ಇಂಗ್ಲಿಷ್ ಭಾಷಿಕನೂ ವರದಿ ಮಾಡಲಾರ.

ಇದರಿಂದ ಹೊಣೆಯ ಪ್ರಶ್ನೆ ಹುಟ್ಟುತ್ತದೆ. 'ಹ್ಯಾಸ್' ಉಳಿಸಿದವನು ತನ್ನ ಕಾಲವನ್ನೂ ಹೇಳಿಕೆಯೊಳಕ್ಕೆ ಸೇರಿಸಿಕೊಂಡಿರುತ್ತಾನೆ. 'ಹ್ಯಾಡ್' ಎಂದವನು ಮಾತನ್ನು ಆಡಿದವನ ಕ್ಷಣಕ್ಕೇ ಕಟ್ಟಿಹಾಕಿ ತಾನು ಹೊರಗೆ ನಿಲ್ಲುತ್ತಾನೆ. 'ಹ್ಯಾಡ್' ಎಂದ ಮಾತ್ರಕ್ಕೆ ವರದಿಗಾರನಿಗೆ ಅನುಮಾನವಿದೆಯೆಂದು ತಿಳಿಯಬಾರದು. ಅದು ಕೇವಲ ಜಾಗರೂಕತೆಯಾಗಿರಬಹುದು. ಆದರೆ ಒಂದು ಸಂಸ್ಥೆ ತೆರಿಗೆ ಕಟ್ಟಿರುವುದಾಗಿ ಹೇಳಿಕೊಂಡಾಗ ಅನುಭವಿ ಪತ್ರಕರ್ತ 'ಹ್ಯಾಡ್ ಪೇಯ್ಡ್' ಎಂದೇ ಬರೆಯುವುದಕ್ಕೆ ಒಂದು ಕಾರಣವಿದ್ದೇ ಇರುತ್ತದೆ. ಶಾಲೆಯ ಸೂತ್ರ ಈ ಕಾರಣವನ್ನು ಕಲಿಸುವುದಿಲ್ಲ.

ಇನ್ನೂ ಹೆಚ್ಚಿನ ಎಚ್ಚರ ಬೇಕಾಗುವುದು 'ಈಸ್ ಸೆಡ್ ಟು ಹ್ಯಾವ್', 'ಈಸ್ ಬಿಲೀವ್ಡ್ ಟು ಹ್ಯಾವ್', 'ಕ್ಲೇಮ್ಸ್ ಟು ಹ್ಯಾವ್' ಎಂಬ ರಚನೆಗಳಲ್ಲಿ. ಇಂಗ್ಲಿಷಿನ ಪೂರ್ಣವರ್ತಮಾನಕ್ಕೆ ನಿರ್ದಿಷ್ಟ ಭೂತಕಾಲದ ಪದ ಹೊಂದುವುದಿಲ್ಲವೆಂಬುದು ಪ್ರಸಿದ್ಧ. 'ಹಿ ಹ್ಯಾಸ್ ಕಮ್ ಯೆಸ್ಟರ್ಡೇ' ಎಂಬುದು ಅವರಿಗೆ ಅಸಾಧು. ವುಲ್ಫ್‌ಗ್ಯಾಂಗ್ ಕ್ಲೈನ್ ಅವರು 1992ರಲ್ಲಿ ಇದನ್ನೇ 'ಪೂರ್ಣವರ್ತಮಾನದ ಒಗಟು' ಎಂದು ಕರೆದು ಚರ್ಚಿಸಿದರು. ಆದರೆ ಭಾವರೂಪದಲ್ಲಿ ಈ ನಿರ್ಬಂಧ ಮಾಯವಾಗುತ್ತದೆ. ಜೇಮ್ಸ್ ಮೆಕಾಲಿ ಅವರು (1835ರ ಶಿಕ್ಷಣ ಟಿಪ್ಪಣಿಯ ಮೆಕಾಲೆಯಲ್ಲ) 1971ರ ಲೇಖನದಲ್ಲಿ ವಾದಿಸಿದಂತೆ, ಕಾಲಪ್ರತ್ಯಯ ಹತ್ತಲಾರದ ಜಾಗದಲ್ಲಿ 'ಹ್ಯಾವ್' ಎಂಬುದು ಭೂತಕಾಲದ ಕೆಲಸವನ್ನೂ ವಹಿಸಿಕೊಳ್ಳುತ್ತದೆ. ಷೇಕ್ಸ್‌ಪಿಯರ್‌ನ ಜನ್ಮದಿನ ಇದಕ್ಕೆ ಒಳ್ಳೆಯ ನಿದರ್ಶನ. ಸ್ಟ್ರಾಟ್‌ಫರ್ಡ್ ಚರ್ಚಿನ ದಾಖಲೆಯಲ್ಲಿರುವುದು 1564ರ ಏಪ್ರಿಲ್ 26ರಂದು ನಡೆದ ದೀಕ್ಷಾಸ್ನಾನ ಮಾತ್ರ. ಏಪ್ರಿಲ್ 23 ಎಂಬುದು ಸಂಪ್ರದಾಯದಿಂದ ಬಂದ ನಂಬಿಕೆ. ಆದ್ದರಿಂದ ಎಚ್ಚರವುಳ್ಳ ಇಂಗ್ಲಿಷ್ ಲೇಖಕ 'ಈಸ್ ಬಿಲೀವ್ಡ್ ಟು ಹ್ಯಾವ್ ಬೀನ್ ಬಾರ್ನ್ ಆನ್ 23 ಏಪ್ರಿಲ್ 1564' ಎಂದು ಬರೆಯುತ್ತಾನೆ. ಕನ್ನಡದಲ್ಲಿ ಇದನ್ನು 'ಏಪ್ರಿಲ್ 23ರಂದು ಜನಿಸಿದನು' ಎಂದು ಚುಟುಕಾಗಿಸಿದರೆ ನಂಬಿಕೆಯೊಂದು ದಾಖಲೆಯ ಸ್ಥಾನಕ್ಕೇರುತ್ತದೆ. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ದೇವಾಲಯ, ಕೆರೆ, ಕೋಟೆಗಳ ವಿಷಯ ಬಂದಾಗಲೆಲ್ಲ ಈ ರಚನೆ ಕಾಣಿಸುತ್ತದೆ. ಅದನ್ನು ಬರೆದವರು ಊರಿನವರ ಬಾಯಿಂದ ಕೇಳಿದ್ದನ್ನು ಕೇಳಿದ್ದೆಂದೇ ಗುರುತುಮಾಡಿದ್ದರು. ಆ ಗುರುತು ಕನ್ನಡಕ್ಕೆ ಬರುವ ದಾರಿಯಲ್ಲಿ ಉದುರಿಹೋದರೆ ಮುಂದಿನ ಸಂಶೋಧಕ ಐತಿಹ್ಯವನ್ನು ಇತಿಹಾಸವೆಂದು ಉಲ್ಲೇಖಿಸುತ್ತಾನೆ, ಅವನನ್ನು ಮತ್ತೊಬ್ಬ ಉಲ್ಲೇಖಿಸುತ್ತಾನೆ.

ಕನ್ನಡದ ವ್ಯವಸ್ಥೆ ಬೇರೆಯೇ ಆಗಿದೆ. ಇಲ್ಲಿ 'ಎಂದು' ಎಂಬುದರ ಮುಂದೆ ಮೂಲ ವಕ್ತಾರನ ಕಾಲರೂಪ ಹಾಗೆಯೇ ನಿಲ್ಲುತ್ತದೆ. 'ತಾನು ಬರುತ್ತೇನೆ ಎಂದು ಹೇಳಿದನು' ಎಂಬಲ್ಲಿ ಕಾಲವಷ್ಟೇ ಅಲ್ಲ, ಉತ್ತಮಪುರುಷದ ಪ್ರತ್ಯಯವೂ ಉಳಿದುಕೊಂಡಿದೆ. ಹೀಗಾಗಿ ಇಂಗ್ಲಿಷಿನ ಒಂದು 'ಹ್ಯಾಡ್ ಸೀನ್' ಎದುರಾದಾಗ ಕನ್ನಡ ಅನುವಾದಕ 'ನೋಡಿದೆ', 'ನೋಡಿದ್ದೇನೆ', 'ನೋಡಿದ್ದೆ' ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಇಂಗ್ಲಿಷ್ ಅಳಿಸಿಹಾಕಿದ ಭೇದವನ್ನು ಕನ್ನಡ ಮರಳಿ ಕೇಳುತ್ತದೆ. 'ಹ್ಯಾಡ್' ಕಂಡಲ್ಲೆಲ್ಲ 'ಇದ್ದೆನು', 'ಇದ್ದನು' ಎಂದು ಹಾಕುವುದು ಸುಲಭದ ದಾರಿ. ಆದರೆ ಅದು ಅನೇಕ ವೇಳೆ ತಪ್ಪು ದಾರಿ.

ನ್ಯಾಯಾಲಯದ ಒಂದು ಕಲ್ಪಿತ ಸನ್ನಿವೇಶವನ್ನು ನೋಡಬಹುದು. ಸಾಕ್ಷಿಯೊಬ್ಬ ಕನ್ನಡದಲ್ಲಿ 'ಸಾಲ ತೀರಿಸಿದ್ದೇನೆ' ಎನ್ನುತ್ತಾನೆ. ಅದು ಇಂಗ್ಲಿಷಿನಲ್ಲಿ 'ದ ವಿಟ್ನೆಸ್ ಸ್ಟೇಟೆಡ್ ದಟ್ ಹಿ ಹ್ಯಾಡ್ ರಿಪೇಯ್ಡ್ ದ ಲೋನ್' ಎಂದು ದಾಖಲಾಗುತ್ತದೆ. ಇಂಗ್ಲಿಷಿನ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಮೇಲಿನ ನ್ಯಾಯಾಲಯದ ತೀರ್ಪನ್ನು ಮುಂದೆ ಯಾರೋ ಕನ್ನಡಕ್ಕೆ ತರುವಾಗ 'ತಾನು ಸಾಲ ತೀರಿಸಿದ್ದೆನೆಂದು ಸಾಕ್ಷಿ ಹೇಳಿದನು' ಎಂದು ಬರೆದರೆ, ಓದುಗನಿಗೆ ಒಡನೆಯೇ 'ಆಮೇಲೇನಾಯಿತು, ಮತ್ತೆ ಸಾಲ ಮಾಡಿದನೆ?' ಎಂಬ ಪ್ರಶ್ನೆ ಏಳುತ್ತದೆ. ಕನ್ನಡದ 'ತೀರಿಸಿದ್ದೆ' ಎಂಬುದು ಆ ಸ್ಥಿತಿ ಮುಗಿದುಹೋದ ಅಥವಾ ಬದಲಾದ ಸೂಚನೆಯನ್ನು ಕೊಡಬಲ್ಲುದು. ಸಾಕ್ಷಿ ಹೇಳಿದ್ದು ಋಣ ಹರಿದಿದೆ ಎಂದು. 'ತೀರಿಸಿದ್ದೇನೆಂದು' ಮತ್ತು 'ತೀರಿಸಿದ್ದೆನೆಂದು' ಎಂಬವುಗಳ ನಡುವೆ ಇರುವುದು ಒಂದು ದೀರ್ಘದ ಅಂತರ. ಅಚ್ಚಿನ ಕರಡನ್ನು ತಿದ್ದುವವರು ಅದನ್ನು ಕಾಗುಣಿತದ ದೋಷವೆಂದು ತಿಳಿದರೂ ಆಶ್ಚರ್ಯವಿಲ್ಲ.

ಕನ್ನಡದ 'ಇದ್ದಾನೆ' ರೂಪವನ್ನು ಇಂಗ್ಲಿಷಿನ ಪೂರ್ಣವರ್ತಮಾನದ ತದ್ರೂಪವೆಂದು ಭಾವಿಸುವುದೂ ಸರಿಯಲ್ಲ. 'ಅವನು ನಿನ್ನೆಯೇ ಬಂದಿದ್ದಾನೆ' ಎಂಬುದು ಶುದ್ಧ ಕನ್ನಡ. ಭಾರತೀಯರ ಇಂಗ್ಲಿಷಿನಲ್ಲಿ 'ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ' ಎಂಬಂಥ ಪ್ರಯೋಗಗಳು ಮೂಡುವುದಕ್ಕೆ ದೇಶಭಾಷೆಗಳ ಇಂಥ ರೂಪಗಳೂ ಕಾರಣವಾಗಿರಬಹುದು. ಕನ್ನಡ ಪತ್ರಿಕೆಗಳ 'ಹೇಳಿದ್ದಾರೆ', 'ತಿಳಿಸಿದ್ದಾರೆ' ಎಂಬ ವಾಡಿಕೆಯನ್ನು ಇಂಗ್ಲಿಷಿನ ಅನುಕರಣೆಯೆಂದು ಹಳಿಯುವವರು ಇಂಗ್ಲಿಷ್ ಪತ್ರಿಕೆಯನ್ನು ಸರಿಯಾಗಿ ನೋಡಿದಂತಿಲ್ಲ. ಅಲ್ಲಿ 'ಹ್ಯಾಸ್ ಸೆಡ್' ಬರುವುದು ಹೆಚ್ಚಾಗಿ ಬ್ರಿಟಿಷ್ ಸುದ್ದಿಯ ಮೊದಲ ವಾಕ್ಯದಲ್ಲಿ, ಸುದ್ದಿ ಬಿಸಿಯಾಗಿರುವಾಗ; ಮುಂದಿನದೆಲ್ಲ ಬರಿಯ 'ಸೆಡ್'. ಸುದ್ದಿಯ ಕೊನೆಯವರೆಗೂ 'ಹೇಳಿದ್ದಾರೆ' ಎಂದು ನಡೆಯುವುದು ಕನ್ನಡದ್ದೇ ರೀತಿ. ಡಿ.ಎನ್. ಶಂಕರ ಭಟ್ ಅವರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು 2000ದಲ್ಲಿ ಎತ್ತಿದ ಮಾತು ಈ ಸಂದರ್ಭಕ್ಕೂ ಸಲ್ಲುತ್ತದೆ. ಪೂರ್ಣವರ್ತಮಾನ, ಪೂರ್ಣಭೂತವೆಂಬ ಹೆಸರುಗಳನ್ನು ಎರಡು ಭಾಷೆಗಳಿಗೂ ಹಚ್ಚಿದ್ದರಿಂದಲೇ ಅವುಗಳ ಹಿಂದಿನ ವಸ್ತುವೂ ಒಂದೇ ಎಂಬ ಭ್ರಮೆ ಹುಟ್ಟಿದೆ.

ಅನುವಾದಕನಿಗೆ ಕನ್ನಡದಲ್ಲಿ ಸಾಧನಗಳ ಕೊರತೆಯಿಲ್ಲ. 'ಕ್ಲೇಮ್ಸ್ ಟು ಹ್ಯಾವ್ ಸೀನ್' ಎಂಬುದಕ್ಕೆ 'ನೋಡಿರುವುದಾಗಿ ಹೇಳಿಕೊಳ್ಳುತ್ತಾನೆ' ಎಂಬುದು ಬಲು ಹತ್ತಿರದ ರೂಪ. ಇಲ್ಲಿಯೂ ಪುರುಷಪ್ರತ್ಯಯ ಕಳಚಿದೆ, ಹೇಳಿಕೆಯ ಭಾರ ಹೇಳಿದವನ ಮೇಲೆಯೇ ಉಳಿದಿದೆ. ಮೂಲದ ಕಾಲ ಯಾವುದೆಂದು ಖಚಿತವಾಗದ 'ಹ್ಯಾಡ್ ಸೀನ್' ಎದುರಾದಾಗಲೂ 'ನೋಡಿದುದಾಗಿ', 'ನೋಡಿರುವುದಾಗಿ' ಎಂಬಿವು 'ಎಂದು' ರಚನೆಗಿಂತ ಸುರಕ್ಷಿತ. ಕೇಳಿಕೆಯ ಮಾತಿಗೆ 'ಎಂಬ ಪ್ರತೀತಿಯಿದೆ' ಎಂಬುದುಂಟು. ಆಡುಮಾತಿನಲ್ಲಿ ಇವೆಲ್ಲಕ್ಕಿಂತ ಚಿಕ್ಕದೂ ಚೊಕ್ಕದೂ ಆದ 'ಅಂತೆ' ಇದೆ: 'ಕೆರೆ ಕಟ್ಟಿಸಿದನಂತೆ'. ಪ್ರಬಂಧಗಳಲ್ಲಿ ಮಾತ್ರ ಇದಕ್ಕೆ ಪ್ರವೇಶವಿಲ್ಲ. ಗ್ರಾಮ್ಯವೆಂದು ಮಾರ್ಗದರ್ಶಕರು ಹೊಡೆದುಹಾಕುತ್ತಾರೆ. ಅದರ ಜಾಗದಲ್ಲಿ ಬಂದು ಕುಳಿತಿರುವ 'ಕಟ್ಟಿಸಿದನು ಎನ್ನಲಾಗಿದೆ' ಎಂಬ ವಾಕ್ಯವನ್ನು 'ಈಸ್ ಸೆಡ್ ಟು ಹ್ಯಾವ್ ಬಿಲ್ಟ್' ಎಂಬುದರೊಡನೆ ಇಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣಿಸುತ್ತದೆ. ಇಂಗ್ಲಿಷಿನಲ್ಲಿ ಹೇಳುವಿಕೆ ವರ್ತಮಾನದಲ್ಲಿದೆ, ಪೂರ್ಣರೂಪವಿರುವುದು ಕಟ್ಟುವಿಕೆಯ ಮೇಲೆ. ಕನ್ನಡದಲ್ಲಿ ಕಟ್ಟುವಿಕೆ ಸಾಮಾನ್ಯ ಭೂತಕ್ಕೆ ಇಳಿದು, ಪೂರ್ಣರೂಪ ಹೇಳುವಿಕೆಯ ಮೇಲೆ ಬಂದು ಕುಳಿತಿದೆ. ಜನ ಇಂದಿಗೂ ಹೇಳುತ್ತಿರುವ ಮಾತು ಯಾರೋ ಎಲ್ಲೋ ಒಮ್ಮೆ ಹೇಳಿ ಮುಗಿಸಿದ ಮಾತಾಗಿದೆ. ಹಾಗೆ ಬರೆದ ಮೇಲೆ ಹೇಳಿದವರು ಯಾರು, ಎಲ್ಲಿ ಎಂದು ಅಡಿಟಿಪ್ಪಣಿಯಲ್ಲಿ ತಿಳಿಸಬೇಕಾಗುತ್ತದೆ. ಸಾಮಾನ್ಯವಾಗಿ ಆ ಅಡಿಟಿಪ್ಪಣಿ ಇರುವುದಿಲ್ಲ.