ಶನಿವಾರದ ಹೊಲಿಗೆ ಕ್ಲಾಸು

‘ಶನಿವಾರ ಮಾತ್ರ ನೀನು ಫೋನೇ ಎತ್ತಲ್ವಲ್ಲೋ, ಎಲ್ಲಿಗೆ ಹೋಗಿರ್ತೀಯ?’ ಅಂತ ಅಮ್ಮ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ. ‘ಹೊಲಿಗೆ ಕ್ಲಾಸಿಗಮ್ಮ.’ ತಮಾಷೆ ಅಂದುಕೊಂಡು ಅಮ್ಮ ನಗುತ್ತಾರೆ. ಆದರೆ ಅದು ನಿಜ. ಒಂದು ಅಡಿಗಿಂತ ಉದ್ದದ ಸೂಜಿ, ಮೇಣ ಸವರಿದ ದಾರ, ಬಿಗಿಯಾಗಿ ಎಳೆದ ಬಟ್ಟೆ. ನಾನು ಹೊಲಿಯುತ್ತಿರುವುದು ಮಾತ್ರ ರವಿಕೆ ಅಲ್ಲ, ವಿಮಾನದ ರೆಕ್ಕೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಆಫೀಸು, ಬಾಡಿಗೆ ಮನೆ, ಸುಟ್ಟುಹೋದ ಒಗ್ಗರಣೆ ಬಗ್ಗೆ ಬರೆಯುವವನು ನಾನು. ಈ ವಾರ ವಿಮಾನದ ವಿಷಯ. ಅದರ ಜೊತೆ, ನಾನು ಒಂದು ವಾರ ಬಾಯಿ ಮುಚ್ಚಿಕೊಂಡು ಕೂತಿದ್ದ ವಿಷಯವನ್ನೂ ಹೇಳಬೇಕು.

ನಾನಿರುವುದು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಹತ್ತಿರ. ರೈಟ್ ಸಹೋದರರ ಊರು. ಇಲ್ಲಿ ಊರಾಚೆ ಹೋದರೆ ಜೋಳದ ಹೊಲಗಳ ಮಧ್ಯೆ ಹುಲ್ಲಿನ ರನ್‌ವೇಗಳು ಕಾಣುತ್ತವೆ. ಮೂರು ವರ್ಷದ ಹಿಂದೆ ಅಂಥದ್ದೊಂದು ಕಡೆ ಸುಮ್ಮನೆ ಕಾರು ನಿಲ್ಲಿಸಿದ್ದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಅಜ್ಜ ಉದ್ದನೆಯ ಅಸ್ಥಿಪಂಜರದಂಥದ್ದನ್ನು ಒಬ್ಬರೇ ಎತ್ತಲು ಒದ್ದಾಡುತ್ತಿದ್ದರು. ನನ್ನನ್ನು ನೋಡಿ ‘ಹಾಯ್’ ಕೂಡ ಅನ್ನಲಿಲ್ಲ. ‘ಆ ತುದಿ ಹಿಡ್ಕೋ’ ಅಂದರು. ಹಿಡಿದೆ. ಇನ್ನೂ ಬಿಟ್ಟಿಲ್ಲ.

ಅದು 1946ರ ‘ಏರೋಂಕಾ ಚೀಫ್’. ಆ ಕಂಪನಿ 1928ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾಗಿ, ಆಮೇಲೆ ಮಿಡ್ಲ್‌ಟೌನ್‌ಗೆ ಬಂತು. ಅಂದರೆ ಈ ವಿಮಾನ ಹುಟ್ಟಿದ ಊರು ನಮ್ಮ ಶೆಡ್ಡಿನಿಂದ ಹೆಚ್ಚು ದೂರವೇನಲ್ಲ. ಎರಡನೇ ಮಹಾಯುದ್ಧ ಮುಗಿದಿತ್ತು. ಸೇನೆಯಿಂದ ಮರಳಿದ ಪೈಲಟ್‌ಗಳೆಲ್ಲ ಕಾರಿನ ಹಾಗೆ ಮನೆಗೊಂದು ವಿಮಾನ ಕೊಳ್ಳುತ್ತಾರೆ ಅಂತ ಎಲ್ಲರೂ ನಂಬಿದ್ದರು. 1946 ಒಂದೇ ವರ್ಷ ಅಮೆರಿಕದಲ್ಲಿ 30,000ಕ್ಕೂ ಹೆಚ್ಚು ಸಣ್ಣ ವಿಮಾನಗಳು ತಯಾರಾದವು. ಮನೆಗೊಂದು ವಿಮಾನ ಬರಲಿಲ್ಲ. ಎರಡು ಮೂರು ವರ್ಷದಲ್ಲಿ ಗುಳ್ಳೆ ಒಡೆಯಿತು. ನಮ್ಮ ಸ್ಟಾರ್ಟಪ್‌ಗಳ ಕಥೆ ಕೇಳಿದ ಹಾಗೇ ಇದೆ, ಅಲ್ವಾ?

ಚೀಫ್‌ನಲ್ಲಿ ಅಕ್ಕಪಕ್ಕ ಎರಡೇ ಸೀಟು. ರೆಕ್ಕೆ ತಲೆಯ ಮೇಲೆ, ಈ ತುದಿಯಿಂದ ಆ ತುದಿಗೆ 36 ಅಡಿ. ಖಾಲಿ ತೂಕ ಸುಮಾರು 330 ಕಿಲೋ. ಎಂಜಿನ್ 65 ಹಾರ್ಸ್‌ಪವರ್, ಅಂದರೆ ನಮ್ಮೂರಿನ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನಷ್ಟು. ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಒಬ್ಬರು ಮುಂದೆ ನಿಂತು ಪ್ರೊಪೆಲರ್ ಅನ್ನು ಕೈಯಿಂದ ತಿರುಗಿಸಿದರೇ ಎಂಜಿನ್ ಏಳುವುದು. ದೇಹ ಉಕ್ಕಿನ ಕೊಳವೆಗಳದ್ದು. ಒಂದೊಂದು ರೆಕ್ಕೆಯ ಒಳಗೂ ಸ್ಪ್ರೂಸ್ ಮರದ ಎರಡು ಉದ್ದನೆಯ ಹಲಗೆಗಳು. ಅವಕ್ಕೆ ಸ್ಪಾರ್ ಅನ್ನುತ್ತಾರೆ. ಮನೆಗೆ ತೊಲೆ ಹೇಗೋ ಹಾಗೆ. ಆ ತೊಲೆಗಳಿಗೆ ಅಲ್ಯೂಮಿನಿಯಂ ಪಕ್ಕೆಲುಬುಗಳನ್ನು ಪೋಣಿಸಿ, ಮೇಲೆ ಬಟ್ಟೆ ಹೊದಿಸಿದರೆ ರೆಕ್ಕೆ.

ಇನ್ನೊಂದು ವಿಶೇಷ, ಇದರ ಮೂರನೇ ಚಕ್ರ ಇರುವುದು ಮೂಗಿನ ಕೆಳಗಲ್ಲ, ಬಾಲದಲ್ಲಿ. ಒರಟು ಹುಲ್ಲಿನ ಮೈದಾನಕ್ಕೆ ಇದು ಒಳ್ಳೆಯದು. ಪ್ರೊಪೆಲರ್ ನೆಲದಿಂದ ಎತ್ತರದಲ್ಲಿರುತ್ತದೆ. ಆದರೆ ಇಳಿಯುವಾಗ ಪೈಲಟ್ ಒಂದು ಕ್ಷಣ ಮೈಮರೆತರೆ ಮುಗೀತು. ಸೂಪರ್‌ಮಾರ್ಕೆಟ್ ಟ್ರಾಲಿಯನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ನೋಡಿ. ತಿರುಗುವ ಚಕ್ರಗಳು ಹಿಂದೆ ಬಂದಾಗ ಅದು ಗರ್ರನೆ ಸುತ್ತಿಕೊಂಡುಬಿಡುತ್ತದೆ. ಬಾಲಚಕ್ರದ ವಿಮಾನವೂ ಹಾಗೇ. ಭಾರವೆಲ್ಲ ಮುಂದಿನ ಚಕ್ರಗಳ ಹಿಂದೆ ಇರುವುದರಿಂದ, ಸ್ವಲ್ಪ ವಾಲಿದರೂ ಆ ಭಾರ ಇನ್ನಷ್ಟು ವಾಲಿಸುತ್ತದೆ. ಇದಕ್ಕೆ ‘ಗ್ರೌಂಡ್ ಲೂಪ್’ ಅಂತ ಹೆಸರು. ಹೆಚ್ಚಿನ ಸಲ ಪೈಲಟ್‌ಗೆ ಏನೂ ಆಗುವುದಿಲ್ಲ, ರೆಕ್ಕೆಯ ತುದಿ ಮಾತ್ರ ನೆಲಕ್ಕೆ ಬಡಿಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲ ವರ್ಷ ಪೂರ್ತಿ ಬಿಚ್ಚುವ ಕೆಲಸವೇ ಆಯಿತು. ಪ್ರತಿ ಬೋಲ್ಟ್ ಬಿಚ್ಚಿ, ಫೋಟೋ ತೆಗೆದು, ಕವರ್‌ಗೆ ಹಾಕಿ ಚೀಟಿ ಅಂಟಿಸಬೇಕು. ಐಟಿಯವನಾಗಿ ನಾನು ಕೊಟ್ಟ ದೊಡ್ಡ ಕೊಡುಗೆ ಅಂದರೆ ಒಂದು ಎಕ್ಸೆಲ್ ಶೀಟು. ಉಳಿದಂತೆ ತುಕ್ಕು ಉಜ್ಜುವುದು, ಗುಡಿಸುವುದು, ಕಾಫಿ ತರುವುದು. ನಮಗೆ ಇಷ್ಟ ಬಂದ ಹಾಗೆ ಏನನ್ನೂ ಬದಲಾಯಿಸುವ ಹಾಗಿಲ್ಲ. ಲೈಸೆನ್ಸ್ ಇರುವ ಮೆಕ್ಯಾನಿಕ್ ಒಬ್ಬರು ಮೇಲುಸ್ತುವಾರಿ ಮಾಡಿ ಸಹಿ ಹಾಕಬೇಕು. ದೊಡ್ಡ ಮಾರ್ಪಾಡಾದರೆ ವಿಮಾನಯಾನ ಇಲಾಖೆ ಒಪ್ಪಿದ ಕಾಗದಪತ್ರ ಬೇಕು.

ಅಜ್ಜನಿಗೆ ಮೂರು ಮಾರ್ಪಾಡಿನ ಆಸೆ ಇತ್ತು. 65ರ ಬದಲು 85 ಹಾರ್ಸ್‌ಪವರ್ ಎಂಜಿನ್, ಹಳೇ ಬ್ರೇಕಿನ ಬದಲು ಡಿಸ್ಕ್ ಬ್ರೇಕ್, ಭುಜಕ್ಕೆ ಬೆಲ್ಟ್. ಪಕ್ಕದ ಶೆಡ್ಡಿನವರು ಬಂದು ‘ಛೆ, 1946ರಲ್ಲಿ ಹೇಗಿತ್ತೋ ಹಾಗೇ ಇರ್ಬೇಕು’ ಅಂತ ವಾದಕ್ಕೆ ನಿಲ್ಲುತ್ತಿದ್ದರು. ‘ಆಗ ಸೊಂಟಕ್ಕೆ ಮಾತ್ರ ಬೆಲ್ಟ್ ಇತ್ತು. ನನ್ನ ಮೂಗೂ ಒರಿಜಿನಲ್ಲೇ ಕಣಯ್ಯ, ಅದನ್ನೂ ಉಳಿಸ್ಕೋಬೇಕು’ ಅನ್ನುತ್ತಿದ್ದರು ಅಜ್ಜ.

ಈ ಮಧ್ಯೆ ಒಂದು ದಿನ ಬರೀ ಅಸ್ಥಿಪಂಜರದ ಫೋಟೋ ಒಂದನ್ನು ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಐದೇ ನಿಮಿಷಕ್ಕೆ ಬೆಂಗಳೂರಿನಿಂದ ಸೋದರಮಾವನ ಫೋನು. ಅಮ್ಮನ ದೊಡ್ಡಣ್ಣ, ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಿ ಸೇರಿ ಅಲ್ಲೇ ರಿಟೈರ್ ಆದವರು. ಈಗ 80 ದಾಟಿದೆ.

‘ಏನೋ, ನಿಂಗೆ ಅಮೆರಿಕದಲ್ಲಿ ಪುಷ್ಪಕ್ ಎಲ್ಲಿ ಸಿಕ್ತೋ?’

‘ಪುಷ್ಪಕ್ ಅಲ್ಲ ಮಾವ, ಇದು ಏರೋಂಕಾ ಚೀಫ್.’

‘ಎರಡೂ ಒಂದೇ ವಂಶ ಕಣೋ!’

ನನಗೆ ಗೊತ್ತೇ ಇರಲಿಲ್ಲ. ಏರೋಂಕಾ ಚೀಫ್ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಬೆಂಗಳೂರಿನ ಎಚ್‌ಎಎಲ್ ‘ಪುಷ್ಪಕ್’ ಕಟ್ಟಿತು. ಅದು ಮೊದಲು ಹಾರಿದ್ದು 1958ರ ಸೆಪ್ಟೆಂಬರ್‌ನಲ್ಲಿ. ಅದೇ ಅಕ್ಕಪಕ್ಕದ ಎರಡು ಸೀಟು, ಅದೇ ಎತ್ತರದ ರೆಕ್ಕೆ, ಅದೇ ಬಾಲಚಕ್ರ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಎಷ್ಟೋ ಜನ ಪೈಲಟ್‌ಗಳು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಅದರಲ್ಲೇ. ಅಜ್ಜನ 85 ಹಾರ್ಸ್‌ಪವರ್ ಆಸೆ ಹೇಳಿದೆ. ಮಾವ ನಕ್ಕರು. ‘ನಮ್ದಕ್ಕೆ ಆಗಲೇ 90 ಇತ್ತು ಅಂತ ಹೇಳು ಅವರಿಗೆ.’ ಹೇಳಿದೆ. ಅಜ್ಜ ಅರ್ಧ ದಿನ ಗೊಣಗಿದರು.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ, ರೆಕ್ಕೆಗೆ ಬಟ್ಟೆ ಹೊದಿಸಲು ಇನ್ನೊಂದೇ ವಾರ ಬಾಕಿ. ಬಟ್ಟೆ ಬಂದಿತ್ತು, ಅಂಟು ಬಂದಿತ್ತು. ಬೇಸಿಗೆಯಲ್ಲಿ ವಿಮಾನ ಹಾರುತ್ತದೆ ಅಂತ ಅಜ್ಜ ಮಕ್ಕಳಿಗೆಲ್ಲ ಹೇಳಿಯಾಗಿತ್ತು. ಶನಿವಾರ ಸಂಜೆ ಅವರು ಮನೆಗೆ ಹೋದ ಮೇಲೆ ನಾನು ಎಡ ರೆಕ್ಕೆಯ ಧೂಳು ಒರೆಸುತ್ತಿದ್ದೆ. ಕೈಯಲ್ಲಿ ಫೋನಿನ ಟಾರ್ಚ್. ಬೆಳಕು ಮುಂದಿನ ಸ್ಪಾರ್ ಮೇಲೆ ವಾರೆಯಾಗಿ ಬಿತ್ತು. ರೆಕ್ಕೆಯ ಆಸರೆ ಕಂಬಿ ಬಂದು ಸೇರುವ ಜಾಗದ ಹತ್ತಿರ, ಬಲಕ್ಕೆಂದು ಅಂಟಿಸಿದ ಪ್ಲೈವುಡ್ ಮುಗಿಯುವ ಅಂಚಿನಲ್ಲಿ, ಮರದ ಎಳೆಗಳಿಗೆ ಅಡ್ಡಡ್ಡವಾಗಿ ಕೂದಲಿನಷ್ಟು ಸಣ್ಣ ಗೆರೆ. ಟಾರ್ಚ್ ನೇರ ಹಿಡಿದರೆ ಮಾಯ. ವಾರೆ ಹಿಡಿದರೆ ಮತ್ತೆ ಕಾಣುತ್ತೆ.

ಗೀರು ಇರಬಹುದು ಅಂದುಕೊಂಡೆ. ವಾರ್ನಿಶ್ ಗೆರೆ ಇರಬಹುದು. ನಾನೇನು ಎಕ್ಸ್‌ಪರ್ಟಾ? ಮೆಕ್ಯಾನಿಕ್ ನೋಡಿರುತ್ತಾರೆ ಬಿಡು. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜನ ಮುಖ ನೆನಪಾಯಿತು. ಬಾಗಿಲು ಹಾಕಿಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ರಿಲೀಸ್ ಹಿಂದಿನ ದಿನ ಬಗ್ ಕಂಡವರಿಗೆ ಈ ಲೆಕ್ಕಾಚಾರ ಗೊತ್ತಿರುತ್ತದೆ. ಅಲ್ಲಾದರೆ ಸೋಮವಾರ ಪ್ಯಾಚ್ ಹಾಕಬಹುದು. ಇಲ್ಲಿ ಮೇಲೆ ಬಟ್ಟೆ ಬಂದುಬಿಟ್ಟರೆ ಆ ಗೆರೆ ಮತ್ತೆ ಕಣ್ಣಿಗೆ ಬೀಳುವುದೇ ಕಷ್ಟ. ಬುಧವಾರ ಮಾವ ಸುಮ್ಮನೆ ಫೋನ್ ಮಾಡಿದ್ದರು. ಅವರಿಗೆ ಹೇಳಿಬಿಟ್ಟೆ.

‘ಟಾರ್ಚ್ ಹಿಡಿದಾಗ ಕಂಡಿತೋ ಇಲ್ವೋ?’

‘ಕಂಡಿತು ಮಾವ.’

‘ಹಂಗಿದ್ರೆ ನಂಗ್ಯಾಕೆ ಹೇಳ್ತಿದೀಯ? ಅವರಿಗೆ ಹೇಳು.’ ಅಷ್ಟೇ. ಫೋನ್ ಇಟ್ಟರು.

ಆದರೂ ಹೇಳಿದ್ದು ಶನಿವಾರವೇ. ಅಜ್ಜ ಏನೂ ಮಾತಾಡದೆ ಟಾರ್ಚ್ ತಗೊಂಡು ನೋಡಿದರು. ಆಮೇಲೆ ಮೆಕ್ಯಾನಿಕ್ ಬಂದರು, ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ‘ಕಂಪ್ರೆಷನ್ ಕ್ರ್ಯಾಕ್’ ಅಂದರು. ಮರದ ಎಳೆಗಳು ಯಾವತ್ತೋ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡ ಗುರುತು. ಅಂಟು ಹಾಕಿ ಸರಿಮಾಡುವಂಥದ್ದಲ್ಲ. ನೆಲದ ಮೇಲೆ ಗಟ್ಟಿಯಾಗೇ ಕಾಣುತ್ತದೆ, ಗಾಳಿಯಲ್ಲಿ ಭಾರ ಬಿದ್ದಾಗ ಅಲ್ಲೇ ಮುರಿಯಬಹುದು. ಈ ವಂಶದ ವಿಮಾನಗಳ ಮರದ ಸ್ಪಾರ್‌ಗಳನ್ನು ಇಂಥ ಬಿರುಕಿಗಾಗಿ ಪರೀಕ್ಷಿಸಲೇಬೇಕು ಅಂತ ಸರ್ಕಾರದ ಆದೇಶವೇ ಇದೆ.

ಹಳೇ ಲಾಗ್‌ಬುಕ್ ತಿರುವಿದೆವು. ನಮ್ಮಪ್ಪ ಇನ್ನೂ ಹುಟ್ಟಿರದ ಕಾಲದ ಒಂದು ಪುಟದಲ್ಲಿ, ಮಾಸಿದ ಶಾಯಿಯಲ್ಲಿ ಒಂದೇ ಸಾಲು: ಎಡ ರೆಕ್ಕೆಯ ತುದಿ ರಿಪೇರಿ. ಯಾರೋ ಗ್ರೌಂಡ್ ಲೂಪ್ ಮಾಡಿದ್ದಾರೆ. ಹೊರಗೆ ಮುರಿದ ತುದಿಯನ್ನು ಸರಿಮಾಡಿ, ಬಣ್ಣ ಹೊಡೆದು, ಮತ್ತೆ ಹಾರಿಸಿದ್ದಾರೆ. ಪೆಟ್ಟು ಒಳಗೆ ತೊಲೆಯವರೆಗೂ ಹೋಗಿದ್ದನ್ನು ಯಾರೂ ಟಾರ್ಚ್ ವಾರೆ ಹಿಡಿದು ನೋಡಿರಲಿಲ್ಲ ಅಂತ ಕಾಣುತ್ತೆ.

‘ಯಾವತ್ತು ನೋಡಿದೆ?’ ಅಂತ ಅಜ್ಜ ಕೇಳಿದರು.

‘ಹೋದ ಶನಿವಾರ.’

ನನ್ನನ್ನೇ ನೋಡಿದರು. ‘ಇನ್ನೊಂದ್ಸಲ ಅವತ್ತೇ ಹೇಳು’ ಅಂದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಬೈದಿದ್ದರೇ ಎಷ್ಟೋ ವಾಸಿ ಇತ್ತು.

ಎರಡೂ ರೆಕ್ಕೆಯ ನಾಲ್ಕೂ ಸ್ಪಾರ್ ಹೊಸದು ಹಾಕೋಣ ಅಂತ ಅಜ್ಜ ತೀರ್ಮಾನಿಸಿದರು. ಆಸರೆ ಕಂಬಿಗಳೂ ಹೊಸವೇ. 85 ಹಾರ್ಸ್‌ಪವರ್ ಎಂಜಿನ್‌ಗೆ ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಹೋಯಿತು. ಬೇಸಿಗೆಯೂ ಹೋಯಿತು. ವಿಮಾನಕ್ಕೆ ಯೋಗ್ಯವಾದ ಸ್ಪ್ರೂಸ್ ಅಂದರೆ ಗಂಟಿಲ್ಲದ, ಎಳೆ ನೇರವಾಗಿರುವ ಮರ. ಹಳೇ ಹಲಗೆಯನ್ನು ಅಚ್ಚಾಗಿಟ್ಟುಕೊಂಡು ಹೊಸದಕ್ಕೆ ತೂತು ಕೊರೆಯಬೇಕು. ಒಂದು ತೂತು ತಪ್ಪಿದರೆ ಇಡೀ ಹಲಗೆ ದಂಡ. ಆ ದಿನಗಳಲ್ಲಿ ಶೆಡ್ಡಿನಲ್ಲಿ ಯಾರೂ ಜೋಕ್ ಮಾಡುತ್ತಿರಲಿಲ್ಲ.

ಈಗ ಬಟ್ಟೆಯ ಕೆಲಸ. 1946ರಲ್ಲಿ ಹತ್ತಿ ಬಟ್ಟೆ ಇತ್ತು, ನಮ್ಮದು ಪಾಲಿಯೆಸ್ಟರ್. ಅಂಚುಗಳನ್ನು ಅಂಟಿಸಿ ಇಸ್ತ್ರಿಪೆಟ್ಟಿಗೆಯಿಂದ ಬಿಗಿಮಾಡುವುದು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೊದಲು 250, ಆಮೇಲೆ 300, ಕೊನೆಗೆ 350 ಡಿಗ್ರಿ. ಅದಕ್ಕಿಂತ ಬಿಸಿಯಾದರೆ ಬಟ್ಟೆ ಹಾಳು. ಆಮೇಲೆ ನನ್ನ ಹೊಲಿಗೆ. ರೆಕ್ಕೆಯನ್ನು ಅಡ್ಡ ನಿಲ್ಲಿಸಿ ಈ ಕಡೆ ನಾನು, ಆ ಕಡೆ ಅಜ್ಜ. ಸೂಜಿ ನನ್ನಿಂದ ಹೋಗುತ್ತೆ, ಅವರಿಂದ ಬರುತ್ತೆ. ಪ್ರತಿ ಪಕ್ಕೆಲುಬಿಗೂ ಸಾಲು ಗಂಟು. ಪ್ರೊಪೆಲರ್ ಗಾಳಿ ಬಡಿಯುವ ಕಡೆ ಇನ್ನೂ ಒತ್ತಾಗಿ. ಮೊದಲ ದಿನ ನಾನು ಹಾಕಿದ ಹನ್ನೆರಡು ಗಂಟುಗಳನ್ನು ಅಜ್ಜ ಒಂದೊಂದಾಗಿ ಕತ್ತರಿಸಿ ಹಾಕಿದರು. ಅವುಗಳ ಮೇಲೆ ಪಟ್ಟಿ ಅಂಟಿಸಿ ಬಣ್ಣ ಹೊಡೆದ ಮೇಲೆ ಒಂದೂ ಕಾಣುವುದಿಲ್ಲ.

ಅಜ್ಜನಿಗೆ ಈಗ 76. ಎಂಜಿನ್ ಅದೇ 65. ಡಿಸ್ಕ್ ಬ್ರೇಕ್ ಮುಂದಿನ ವರ್ಷಕ್ಕಂತೆ. ಭುಜದ ಬೆಲ್ಟ್ ಮಾತ್ರ ಬಂದಿದೆ. ಬರುವ ವಸಂತಕ್ಕೆ ಹಾರಿಸಬೇಕು ಅಂತಾರೆ. ಮೊಣಕಾಲು ನೋವು, ಏಣಿ ಹತ್ತುವಾಗ ನಿಂತು ನಿಂತು ಹತ್ತುತ್ತಾರೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ. ‘ನಾನು ಹಾರಿಸದಿದ್ರೆ ಇನ್ಯಾರೋ ಹಾರಿಸ್ತಾರೆ’ ಅಂದರು. ‘ಸೂಜಿ ಕೊಡು.’

ಹೋದ ಶನಿವಾರ ಎಡ ರೆಕ್ಕೆಯ ಕೊನೆಯ ಸಾಲು ಮುಗಿಯಿತು. ಖುಷಿಯಲ್ಲಿ ಮಾವನಿಗೆ ಫೋನ್ ಮಾಡಿದೆ. ‘ವಿಮಾನದ ಫೋಟೋ ಬೇಡ, ಗಂಟಿನ ಫೋಟೋ ಕಳ್ಸು’ ಅಂದರು. ಕಳಿಸಿದೆ. ನೀಲಿ ಟಿಕ್ ಬಂತು. ಅರ್ಧ ಗಂಟೆ ಸುದ್ದಿಯಿಲ್ಲ. ಆಮೇಲೆ ಒಂದು ಮೆಸೇಜು: ‘ಮೇಲಿಂದ ಮೂರನೇದು ನೋಡು.’

ಓಡಿಹೋಗಿ ಬೆರಳಿಟ್ಟು ನೋಡಿದೆ. ಸಡಿಲ ಇತ್ತು.

ಅಜ್ಜ ಆಗಲೇ ಕಾರಿನ ಹತ್ತಿರ ಹೋಗಿದ್ದರು. ಕೂಗಿ ಕರೆದೆ, ಅವತ್ತೇ.